ಕೋಳಿಯ ‘ಬಿ’ ಗುಂಪಿನ ಬೆನ್ನು ಹತ್ತಿ

1940ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಂ. ಆರ್. ಇರ್ವಿನ್ ಅವರ ಬಳಗ ದನ, ಪಾರಿವಾಳಗಳ ರಕ್ತದ ಗುಂಪುಗಳನ್ನು ಹುಡುಕುತ್ತಿತ್ತು. ಅಲ್ಲಿ ಸಂಶೋಧನೆಗೆ ಸೇರಿದ ಎಲ್‌ವುಡ್ ಬ್ರೈಲ್ಸ್ ಕೋಳಿಯನ್ನು ಆರಿಸಿಕೊಂಡರು. 1950ರಲ್ಲಿ ಮೆಕ್‌ಗಿಬ್ಬನ್ ಮತ್ತು ಇರ್ವಿನ್ ಜೊತೆ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಕೋಳಿಯ ‘ಎ’ ಮತ್ತು ‘ಬಿ’ ರಕ್ತವರ್ಗಗಳ ವಿವರ ಬಂತು.

ರಕ್ತದ ಗುಂಪು ತಿಳಿಯುವ ಪರೀಕ್ಷೆ ಸುಲಭ, ಅದಕ್ಕೆ ಬೇಕಾದ ಸೀರಮ್ ತಯಾರಿಯೇ ಕಷ್ಟ. ಒಂದು ಕೋಳಿಯ ಕೆಂಪು ರಕ್ತಕಣಗಳನ್ನು ಇನ್ನೊಂದಕ್ಕೆ ಚುಚ್ಚಬೇಕು. ತನ್ನಲ್ಲಿಲ್ಲದ ಗುರುತು ಕಂಡರೆ ಆ ಕೋಳಿಯ ಮೈ ಪ್ರತಿಕಾಯ ಹುಟ್ಟಿಸುತ್ತದೆ. ಆದರೆ ಹಾಗೆ ಸಿಕ್ಕ ಸೀರಮ್‌ನಲ್ಲಿ ಹಲವು ಗುರುತುಗಳ ವಿರುದ್ಧದ ಪ್ರತಿಕಾಯಗಳು ಕಲೆತಿರುತ್ತವೆ. ಆಯ್ದ ಬೇರೆ ಕೋಳಿಗಳ ರಕ್ತಕಣಗಳನ್ನು ಅದಕ್ಕೆ ಬೆರೆಸಿ, ಬೇಡದ ಪ್ರತಿಕಾಯಗಳು ಅವಕ್ಕೆ ಅಂಟಿಕೊಂಡ ಮೇಲೆ ಕಣಗಳನ್ನು ತೆಗೆದುಹಾಕುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ತಾಳ್ಮೆಯ ಕೆಲಸ. ಕೊನೆಗೆ ಒಂದೇ ಗುರುತನ್ನು ಹಿಡಿಯುವ ಸೀರಮ್ ಉಳಿಯುತ್ತದೆ. ರೆಕ್ಕೆಯ ರಕ್ತನಾಳದಿಂದ ತೆಗೆದ ಹನಿ ರಕ್ತವನ್ನು ತೆಳುಮಾಡಿ ಅದರೊಡನೆ ಸೇರಿಸಿದರೆ, ಆ ಗುರುತುಳ್ಳ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಬರಿಗಣ್ಣಿಗೇ ಕಾಣುತ್ತದೆ.

ಆದರೆ ‘ಬಿ’ ವಿಚಿತ್ರವಾಗಿ ವರ್ತಿಸಿತು. ಒಂದೇ ಬಳಗದೊಳಗೆ ತಲೆಮಾರುಗಟ್ಟಲೆ ಕೂಡಿಸಿದ ಕೋಳಿಗಳಲ್ಲೂ ಅದರ ವೈವಿಧ್ಯ ಬೇಗ ಅಳಿಯಲಿಲ್ಲ. ತಂದೆ ತಾಯಿಗಳಿಂದ ಬೇರೆಬೇರೆ ‘ಬಿ’ ಪಡೆದ ಹಕ್ಕಿಗಳಿಗೆ ಏನೋ ಅನುಕೂಲವಿದೆ ಎಂದು 1954ರಲ್ಲೇ ಬ್ರೈಲ್ಸ್ ಸೂಚಿಸಿದ್ದರು. ಆ ‘ಏನೋ’ ಏನೆಂಬ ಸುಳಿವು ಸಿಕ್ಕಿದ್ದು 1961ರಲ್ಲಿ. ಅಯೋವಾದ ಶಿಯರ್‌ಮನ್ ಮತ್ತು ನಾರ್ಡ್‌ಸ್ಕಾಗ್ ಕೋಳಿಗಳ ನಡುವೆ ಚರ್ಮದ ಕಸಿ ಮಾಡಿ ನೋಡಿದರು. ಕಸಿಯನ್ನು ಮೈ ತಿರಸ್ಕರಿಸುವುದಕ್ಕೂ ‘ಬಿ’ ಗುಂಪಿಗೂ ನಂಟಿತ್ತು. ರಕ್ತದ ಗುರುತೆಂದು ಹಿಡಿದದ್ದು ರೋಗನಿರೋಧಕ ವ್ಯವಸ್ಥೆಯ ವಂಶವಾಹಿಗಳ ತಾಣವನ್ನೇ ತೋರಿಸುತ್ತಿತ್ತು! ಮನುಷ್ಯರ ಎ, ಬಿ, ಓ ಗುಂಪುಗಳು ಅಂಥ ತಾಣದ ಗುರುತುಗಳಲ್ಲ.

ಸಾಕಣೆದಾರರಿಗೆ ಕೋಳಿಯ ‘ಬಿ’ ಗುಂಪು ಮುಖ್ಯವಾದದ್ದು ಮಾರೆಕ್ಸ್ ರೋಗದಿಂದ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ವರ್ಣಿಸಿದ ಈ ಕಾಯಿಲೆ ಕೋಳಿಯ ಕಾಲು, ರೆಕ್ಕೆಗಳ ಸ್ವಾಧೀನ ತಪ್ಪಿಸುತ್ತದೆ, ಗೆಡ್ಡೆ ಬೆಳೆಸುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರ್‍ಯಾಂಡಲ್ ಕೋಲ್ ಇದನ್ನು ತಡೆಯುವ ಒಂದು ತಳಿಯನ್ನೂ ಸುಲಭವಾಗಿ ಬಲಿಯಾಗುವ ಇನ್ನೊಂದನ್ನೂ ಬೆಳೆಸಿದ್ದರು. 1977ರಲ್ಲಿ ಬ್ರೈಲ್ಸ್, ಸ್ಟೋನ್ ಮತ್ತು ಕೋಲ್ ಈ ತಳಿಗಳನ್ನು ಬಳಸಿ, ತಡೆಯುವ ಶಕ್ತಿಗೂ ‘ಬಿ’ಯ ಬಗೆಗಳಲ್ಲೊಂದಾದ ‘ಬಿ21’ಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಬಿ21 ಇರುವ ಹಕ್ಕಿಯೇ ಎಲ್ಲದರಲ್ಲೂ ಮೇಲು ಎಂದಲ್ಲ. ರೌಸ್ ಸಾರ್ಕೋಮಾ ವೈರಸ್ಸಿನ ಗೆಡ್ಡೆಗಳು ಬಿ2 ಕೋಳಿಗಳಲ್ಲಿ ಕರಗಿದರೆ, ಬಿ5 ಕೋಳಿಗಳಲ್ಲಿ ಬೆಳೆಯುತ್ತ ಹೋಗುತ್ತವೆ.

1982ರಲ್ಲಿ ಈ ಗುಂಪುಗಳ ಹೆಸರಿಗೆ ಏಕರೂಪ ಬಂತು. 1999ರಲ್ಲಿ ‘ಬಿ’ ತಾಣದ ತಿರುಳಿನ ಅನುಕ್ರಮ ಪ್ರಕಟವಾಯಿತು: 92 ಸಾವಿರ ಅಕ್ಷರಗಳಷ್ಟು ಡಿಎನ್‌ಎಯಲ್ಲಿ 19 ವಂಶವಾಹಿಗಳು. ಈಗ ಎಲ್‌ಇಐ0258 ಎಂಬ ಡಿಎನ್‌ಎ ಗುರುತಿನ ಉದ್ದ ಅಳೆದೂ ‘ಬಿ’ ಬಗೆಯನ್ನು ಊಹಿಸುತ್ತಾರೆ. ಆದರೆ ಬೇರೆಬೇರೆ ಬಗೆಗಳಲ್ಲೂ ಒಮ್ಮೊಮ್ಮೆ ಅದೇ ಉದ್ದ ಬರುತ್ತದೆ. ಅಂಥ ಕಡೆ ಸೀರಮ್ ಪರೀಕ್ಷೆಯೋ ಹೆಚ್ಚಿನ ಡಿಎನ್‌ಎ ಗುರುತುಗಳೋ ಬೇಕೇ ಬೇಕು.