ಕಥೆ ಹೇಳುವ ಮಣ್ಣಿನ ಅಜ್ಜ

ಕಾಲು ಚಾಚಿ ಕುಳಿತ ಒಬ್ಬ ಅಜ್ಜ. ಕಣ್ಣು ಮುಚ್ಚಿವೆ, ಬಾಯಿ ತೆರೆದಿದೆ. ತೊಡೆ, ತೋಳು, ಹೆಗಲ ಮೇಲೆಲ್ಲ ಮೊಮ್ಮಕ್ಕಳು. ‘ಸ್ಟೋರಿಟೆಲ್ಲರ್’, ಅಂದರೆ ಕಥೆಗಾರ, ಎಂದು ಹೆಸರಾದ ಈ ಸುಟ್ಟ ಮಣ್ಣಿನ ಗೊಂಬೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕೊಚಿಟಿ ಎಂಬ ಮೂಲನಿವಾಸಿಗಳ ಹಳ್ಳಿಯಲ್ಲಿ. ಮಾಡಿದಾಕೆ ಹೆಲೆನ್ ಕಾರ್ಡೆರೊ (1915–1994).

ಹೆಲೆನ್ ಮೊದಲು ಚರ್ಮದ ಮತ್ತು ಮಣಿಯ ಕೆಲಸ ಮಾಡುತ್ತಿದ್ದರು. ಬಂದ ಹಣವೆಲ್ಲ ಸಾಮಗ್ರಿಗೇ ಹೋಗುತ್ತಿತ್ತು. ಮಣ್ಣಾದರೆ ಕೊಳ್ಳಬೇಕಿಲ್ಲವಲ್ಲ ಎಂದು ಗಂಡನ ಕಡೆಯ ಬಂಧುವೊಬ್ಬರು ಹೇಳಿದ ಮೇಲೆ ಮಡಕೆಗೆ ಕೈ ಹಾಕಿದರು. ಮಾಡಿದ್ದೆಲ್ಲ ಸೊಟ್ಟ! ಗೊಂಬೆ ಮಾಡತೊಡಗಿದಾಗ ಮಾತ್ರ ಕೈ ಕುದುರಿತು.

ಮಗುವನ್ನು ಹಿಡಿದು ಹಾಡುವ ತಾಯಿಯ ಗೊಂಬೆ ಕೊಚಿಟಿಯಲ್ಲಿ ಹಿಂದಿನಿಂದಲೂ ಇತ್ತು. ಆದರೆ ಪ್ರವಾಸಿಗರ ಆಟಿಕೆಯೆಂದು ಪಂಡಿತರು ಅದನ್ನು ಕಡೆಗಣಿಸಿದ್ದರು. ಜಾನಪದ ಕಲೆಯ ಸಂಗ್ರಾಹಕ ಅಲೆಕ್ಸಾಂಡರ್ ಜಿರಾರ್ಡ್ ಹೆಲೆನ್‌ರ ಗೊಂಬೆಗಳನ್ನು ಮೆಚ್ಚಿ ಕೊಂಡರು. ಇನ್ನೂ ದೊಡ್ಡದೊಂದನ್ನು, ಹೆಚ್ಚು ಮಕ್ಕಳಿರುವಂತೆ ಮಾಡಿಕೊಡಲು ಕೇಳಿದರು. ಆಗ ಹೆಲೆನ್‌ಗೆ ನೆನಪಾದದ್ದು ತಾಯಿಯಲ್ಲ, ತಮ್ಮ ಅಜ್ಜ ಸ್ಯಾಂಟಿಯಾಗೊ ಕ್ವಿಂಟಾನಾ. ಊರಿಗೇ ಹೆಸರಾದ ಕಥೆಗಾರ ಆತ. ಸುತ್ತ ಸದಾ ಮೊಮ್ಮಕ್ಕಳು. ತಮ್ಮ ಜನರ ಕಥೆಗಳು ಅಳಿಯಬಾರದೆಂದು ಮಾನವಶಾಸ್ತ್ರಜ್ಞರಿಗೂ ಹೇಳಿದ್ದರು. ಮೊದಲ ಗೊಂಬೆಯ ಮೇಲೆ ಐದು ಮಕ್ಕಳು ಕುಳಿತರು. ಮುಂದೆ ಒಂದೊಂದರ ಮೇಲೆ ಮೂವತ್ತರವರೆಗೂ ಏರಿದ್ದುಂಟು. ಅಜ್ಜನ ಕಣ್ಣು ಏಕೆ ಮುಚ್ಚಿವೆ? ಆತ ಯೋಚಿಸುತ್ತಿದ್ದಾನೆ ಎಂಬುದು ಹೆಲೆನ್ ಕೊಡುತ್ತಿದ್ದ ಕಾರಣ. ಪಾಠ ಒಪ್ಪಿಸುವಾಗ ಕಣ್ಣು ಮುಚ್ಚಿಕೊಳ್ಳುವ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟು ಮಕ್ಕಳನ್ನು ಅಂಟಿಸಿ ಸುಡುವುದು ಸುಲಭವಲ್ಲ. ಒಣಗುವಾಗ ಜೇಡಿಮಣ್ಣು ಕುಗ್ಗುತ್ತದೆ. ಅಜ್ಜ ಅರ್ಧ ಒಣಗಿ ಮಕ್ಕಳು ಹಸಿಯಾಗಿದ್ದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಬೆಸುಗೆ ಬಿಟ್ಟು ಮಗು ಕಳಚಿ ಬೀಳುತ್ತದೆ. ಒಳಗೆ ತೇವ ಉಳಿದಿದ್ದರೆ ಬೆಂಕಿಯಲ್ಲಿ ಅದು ಹಬೆಯಾಗಿ ಗೊಂಬೆಯನ್ನೇ ಸಿಡಿಸುತ್ತದೆ. ಉಷ್ಣತೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಬೆಸೆದ ನೀರೂ ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಕೆಸರಾಗದು.

ಕೊಚಿಟಿಯಲ್ಲಿ ಬಯಲಲ್ಲೇ ಕಟ್ಟಿಗೆ, ಬೆರಣಿ ಒಟ್ಟಿ ಸುಡುತ್ತಾರೆ. ಮೈಗೆ ಬಿಳಿ ಮಣ್ಣಿನ ಲೇಪ, ಕೆಂಪಿಗೆ ಕಬ್ಬಿಣದ ಅಂಶವಿರುವ ಮಣ್ಣು. ಕಪ್ಪು ಮಾತ್ರ ಸ್ವಾರಸ್ಯಕರ: ಕಾಡು ಗಿಡವೊಂದರ ಸೊಪ್ಪನ್ನು ಕುದಿಸಿ ಬತ್ತಿಸಿದ ರಸ ಅದು. ಲೇಪ ಆ ರಸವನ್ನು ಹೀರಿಕೊಳ್ಳುತ್ತದೆ. ಬೆಂಕಿಯಲ್ಲಿ ರಸ ಇಂಗಾಲವಾಗಿ ಅಲ್ಲೇ ನಿಲ್ಲುತ್ತದೆ. ಬೆಂಕಿ ಹೆಚ್ಚು ಹೊತ್ತು ಉರಿದರೆ ಇಂಗಾಲವೂ ಸುಟ್ಟು, ಅಜ್ಜನ ಹುಬ್ಬು ಮಾಯ!

1986ರಲ್ಲಿ ಹೆಲೆನ್‌ಗೆ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೊಶಿಪ್ ಗೌರವ ಸಂದಿತು. ಅಷ್ಟರಲ್ಲಿ ನೆರೆಯ ಹಳ್ಳಿಗಳ ಕುಶಲಕರ್ಮಿಗಳೂ ಕಥೆಗಾರರನ್ನು ಮಾಡತೊಡಗಿದ್ದರು. ಕರಡಿ, ಕಪ್ಪೆಗಳೂ ಮರಿಗಳನ್ನು ಹೊತ್ತು ಕಥೆ ಹೇಳತೊಡಗಿದವು. ಕೊಳ್ಳುವವರಿಗೆ ಅವು ಮುದ್ದಾಗಿ ಕಂಡಿರಬಹುದು. ಆದರೆ ಹೆಲೆನ್‌ರ ಗೊಂಬೆಗೆ ಒಬ್ಬ ನಿಜವಾದ ಅಜ್ಜನಿದ್ದ. ಐದು ಮಕ್ಕಳ ಆ ಮೊದಲ ಕಥೆಗಾರ ಜಿರಾರ್ಡ್ ಸಂಗ್ರಹದೊಂದಿಗೆ ಸಾಂತಾ ಫೆ ನಗರದ ಅಂತರರಾಷ್ಟ್ರೀಯ ಜಾನಪದ ಕಲಾ ಸಂಗ್ರಹಾಲಯವನ್ನು ಸೇರಿದ್ದಾನೆ.