ಹೊಲಕ್ಕೆ ಬಂದ ಬ್ಯಾಟರಿ ರೇಡಿಯೋ: ಬಳಕೆ ಮತ್ತು ಚಾರ್ಜಿನಲ್ಲಿ ವಹಿಸಬೇಕಾದ ಎಚ್ಚರಿಕೆ

ರೈತನಿಗೂ ರೇಡಿಯೋಗೂ ಇರುವ ನಂಟು ಹಳೆಯದು. 1960ರ ದಶಕದಲ್ಲಿ ತಂಜಾವೂರು ಸೀಮೆಯ ರೈತರು ಆಕಾಶವಾಣಿಯಲ್ಲಿ ಕೇಳಿ ಬೆಳೆಯತೊಡಗಿದ ಎ.ಡಿ.ಟಿ.-27 ಭತ್ತದ ತಳಿಯನ್ನು 'ರೇಡಿಯೋ ಭತ್ತ' ಎಂದೇ ಕರೆದರು. ನಮ್ಮಲ್ಲಿಯೂ ಸಂಜೆಯ ಕೃಷಿ ಕಾರ್ಯಕ್ರಮವನ್ನು ಜಗಲಿಯ ಮೇಲೆ ಹತ್ತು ಮಂದಿ ಕುಳಿತು ಕೇಳಿ, ಮರುದಿನ ಬೆಳಗ್ಗೆ ಬೀಜೋಪಚಾರಕ್ಕೆ ತೊಡಗುತ್ತಿದ್ದ ಕಾಲವನ್ನು ಹಿರಿಯರು ನೆನೆಯುತ್ತಾರೆ. ಆಗಿನ ಟ್ರಾನ್ಸಿಸ್ಟರಿಗೆ ಎರಡೋ ನಾಲ್ಕೋ ಸೆಲ್ಲು ಹಾಕಿದರೆ ಮುಗಿಯಿತು. ಸೆಲ್ಲು ಸೋತಾಗ ಹೊರತೆಗೆದು ಬಿಸಿಲಿಗಿಟ್ಟರೆ ಇನ್ನೆರಡು ದಿನ ಹಾಡುತ್ತಿತ್ತು. ಅದು ಮೂಢನಂಬಿಕೆಯೇನಲ್ಲ. ಶಾಖ ತಗುಲಿದಾಗ ಆ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಉಳಿದಿದ್ದ ಕೊಂಚ ಶಕ್ತಿ ಹೊರಬರುತ್ತಿತ್ತು.

ಆ ರೂಢಿಯನ್ನು ಇಂದಿನ ರೇಡಿಯೋಗೆ ತರಬಾರದೆಂದು ತಿಳಿಸುವುದೇ ಈ ಲೇಖನದ ಉದ್ದೇಶ. ಈಗಿನ ಲಿಥಿಯಂ ಬ್ಯಾಟರಿಯನ್ನು ಬಿಸಿಲಿಗಿಟ್ಟರೆ ಅದರ ಆಯುಷ್ಯ ಕುಗ್ಗುತ್ತದೆ, ಕೆಲವೊಮ್ಮೆ ಹೊಟ್ಟೆ ಉಬ್ಬುತ್ತದೆ. ಇನ್ನೂ ಕೆಟ್ಟರೆ ಹೊತ್ತಿಕೊಳ್ಳುತ್ತದೆ.

ಈ ರೇಡಿಯೋ ಯಾವುದು?

ಮೂಲತಃ ಕಟ್ಟಡದ ಕೆಲಸಗಾರರಿಗೂ ಬಡಗಿಗಳಿಗೂ ಎಂದು ತಯಾರಾದ, ರಬ್ಬರಿನ ಅಂಚು ಕಟ್ಟಿದ ಗಟ್ಟಿಮುಟ್ಟಾದ ರೇಡಿಯೋ ಇದು. ಕೊರೆಯುವ ಯಂತ್ರಕ್ಕೆ ಹಾಕುವ ಬ್ಯಾಟರಿ ಪ್ಯಾಕನ್ನೇ ಇದಕ್ಕೂ ಸಿಕ್ಕಿಸಬಹುದು. ದ್ರಾಕ್ಷಿಯ ಚಾಟ್ನಿಗೆ ಬ್ಯಾಟರಿ ಕತ್ತರಿ ಕೊಂಡವರು, ಕಾಫಿ ತೋಟದ ಕೊಂಬೆ ಕಡಿಯಲು ಬ್ಯಾಟರಿ ಗರಗಸ ಕೊಂಡವರು, ಪ್ಯಾಕು ಹೇಗೂ ಇದೆಯಲ್ಲ ಎಂದು ಅದಕ್ಕೆ ಹೊಂದುವ ರೇಡಿಯೋವನ್ನೂ ತರುತ್ತಾರೆ. ಒಬ್ಬನೇ ಕುಳಿತು ಕಳೆ ತೆಗೆಯುವವನಿಗೆ ಇಷ್ಟು ದೊಡ್ಡ ರೇಡಿಯೋ ಬೇಕಿಲ್ಲ, ಜೇಬಿನ ರೇಡಿಯೋ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಹತ್ತಾರು ಆಳು ಸೇರಿ ಕೆಲಸ ಮಾಡುವ ಕಡೆ, ರಾತ್ರಿ ಕಾವಲಿನ ಕಡೆ ಇದಕ್ಕೆ ಉಪಯೋಗವಿದೆ.

18 ವೋಲ್ಟಿನ, 5 ಆಂಪಿಯರ್-ಅವರ್ ಪ್ಯಾಕಿನಲ್ಲಿ 90 ವ್ಯಾಟ್-ಅವರ್ ಶಕ್ತಿ ಇರುತ್ತದೆ. 5 ವ್ಯಾಟ್ ಎಳೆಯುವ ರೇಡಿಯೋ ಲೆಕ್ಕದ ಪ್ರಕಾರ ಅದರಲ್ಲಿ 18 ಗಂಟೆ ನಡೆಯಬೇಕು. ವಾಸ್ತವವಾಗಿ ಸ್ವಲ್ಪ ಕಡಿಮೆ ನಡೆಯುತ್ತದೆ. 18 ಗಂಟೆಯಲ್ಲಿ ನಿಧಾನವಾಗಿ ಹೊರಬರಬೇಕಾದ ಈ ಶಕ್ತಿ ಕೆಲವೇ ನಿಮಿಷಗಳಲ್ಲಿ ಹೊರನುಗ್ಗಿದರೆ ಅದೇ ಬೆಂಕಿ.

ಒಂದು ಶೇಂಗಾ ಹೊಲದಲ್ಲಿ

ಕಾಡುಹಂದಿಯ ಹಾವಳಿ ನೋಡಲೆಂದು ಒಮ್ಮೆ ಒಂದು ಶೇಂಗಾ ಹೊಲಕ್ಕೆ ಹೋಗಿದ್ದೆ. ಊರು ಮತ್ತು ಹೆಸರು ಇಲ್ಲಿ ಬೇಡ. ಹೊಲದ ಯಜಮಾನರು ಕಾವಲಿನ ಗುಡಿಸಲಿನಲ್ಲಿ ರಾತ್ರಿಯಿಡೀ ರೇಡಿಯೋ ಹಚ್ಚಿಡುತ್ತಿದ್ದರು. ಅದರ ಮೂಲ ಪ್ಯಾಕು ಸತ್ತಾಗ, ಪೇಟೆಯ ರಿಪೇರಿ ಅಂಗಡಿಯಲ್ಲಿ ಮೂರು ಲಿಥಿಯಂ ಸೆಲ್ಲು ಜೋಡಿಸಿ ದುಂಡು ಪಿನ್ನು ಹಾಕಿಸಿಕೊಂಡಿದ್ದರು. ಮನೆಯಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಹಳೆಯ ಚಾರ್ಜರ್ ಇತ್ತು. ಪಿನ್ನು ಸರಿಯಾಗಿ ಕೂತಿತು. 12 ವೋಲ್ಟ್ ಎಂದು ಎರಡರ ಮೇಲೂ ಬರೆದಿತ್ತು. ಇನ್ನೇನು ಬೇಕು?

ಹೊಲದ ಲೈನಿಗೆ ಸರದಿಯ ಮೇಲೆ ವಿದ್ಯುತ್. ಆ ವಾರ ರಾತ್ರಿಯ ಸರದಿ. ಸಂಜೆ ಚಾರ್ಜರನ್ನು ಸಿಕ್ಕಿಸಿ, ಪ್ಯಾಕನ್ನು ಗೋಣಿಚೀಲದ ಮೇಲಿಟ್ಟು ಊಟಕ್ಕೆ ಮನೆಗೆ ಹೋದರು. ಆ ರಾತ್ರಿ ಮಗ ಹುಷಾರಿಲ್ಲದ ಕಾರಣ ಹಿಂದಿರುಗಲಿಲ್ಲ. ನಡುರಾತ್ರಿ ವಿದ್ಯುತ್ ಬಂತು. ಬೆಳಗ್ಗೆ ನೋಡಿದರೆ ಗುಡಿಸಲಿನ ಒಂದು ಮಗ್ಗುಲು ಬೂದಿ, ರೇಡಿಯೋ ಕರಗಿದ ಮುದ್ದೆ. ಹತ್ತು ಮಾರು ಆಚೆಗೆ ರಾಗಿ ಹುಲ್ಲಿನ ಬಣವೆ ಇತ್ತು. ಆ ರಾತ್ರಿ ಗಾಳಿ ಆಚೆ ಬೀಸದೇ ಇದ್ದುದರಿಂದ ಉಳಿಯಿತು. ಅವರು ಎಂದಿನಂತೆ ಅಲ್ಲೇ ಮಲಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಪ್ಪಾದದ್ದು ಎಲ್ಲಿ?

ಸಿಂಪಡಣೆ ಪಂಪಿನ ಹಳೆಯ ಬ್ಯಾಟರಿ ಸೀಸ-ಆಮ್ಲದ್ದು. ಅದನ್ನು ತುಂಬಿಸಲು ಚಾರ್ಜರು ಸುಮಾರು 14.4 ವೋಲ್ಟಿನವರೆಗೆ ಏರುತ್ತದೆ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲು ಒಂದಕ್ಕೆ 4.2 ವೋಲ್ಟ್ ಮಿತಿ. ಮೂರು ಸೆಲ್ಲಿಗೆ 12.6 ವೋಲ್ಟ್, ಅದರಾಚೆಗೆ ಒಂದು ಹನಿಯೂ ಸಲ್ಲದು. 'ಹನ್ನೆರಡು ವೋಲ್ಟ್' ಎಂಬ ಒಂದೇ ಹೆಸರಿನ ಹಿಂದೆ ಇಷ್ಟು ಅಂತರವಿದೆ. ಒಳ್ಳೆಯ ಪ್ಯಾಕಿನೊಳಗೆ ಮಿತಿ ಮೀರಿದಾಗ ಹರಿವನ್ನು ಕಡಿಯುವ ರಕ್ಷಣಾ ಮಂಡಲವಿರುತ್ತದೆ. ಅಂಗಡಿಯಲ್ಲಿ ಜೋಡಿಸಿದ ಆ ಪ್ಯಾಕಿನಲ್ಲಿ ಅದನ್ನು ಹಾಕಿರಲಿಲ್ಲ. ಮಿತಿ ಮೀರಿ ತುಂಬಿದ ಸೆಲ್ಲು ಒಳಗೇ ಕಾಯುತ್ತದೆ, ಆ ಕಾವು ಮತ್ತಷ್ಟು ಕಾವನ್ನು ಹುಟ್ಟಿಸುತ್ತದೆ, ಒಂದು ಸೆಲ್ಲು ಸಿಡಿದರೆ ಪಕ್ಕದ್ದಕ್ಕೂ ಹತ್ತುತ್ತದೆ.

ಆದ್ದರಿಂದ ಪಿನ್ನು ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಯಾವ ಚಾರ್ಜರನ್ನೂ ಸಿಕ್ಕಿಸಬಾರದು. ಪ್ಯಾಕಿನ ಜೊತೆಗೆ ಬಂದ ಅಥವಾ ಅದರ ತಯಾರಕರೇ ಸೂಚಿಸಿದ ಚಾರ್ಜರನ್ನು ಮಾತ್ರ ಬಳಸತಕ್ಕದ್ದು. ಮನೆಯಲ್ಲಿ ನಾಲ್ಕಾರು ಚಾರ್ಜರುಗಳಿದ್ದರೆ ಒಂದೊಂದಕ್ಕೂ ಬಣ್ಣದ ಪಟ್ಟಿ ಸುತ್ತಿ, ಅದೇ ಬಣ್ಣವನ್ನು ಅದರ ಬ್ಯಾಟರಿಗೂ ಸುತ್ತಿಡಿ. ಬಿತ್ತನೆ ಬೀಜದ ಚೀಲಕ್ಕೆ ಗುರುತು ಹಾಕುವವರಿಗೆ ಇದು ದೊಡ್ಡ ಕೆಲಸವಲ್ಲ. ಹೊಸದಾಗಿ ಕೊಳ್ಳುವಾಗ ಚಾರ್ಜರ್ ಮತ್ತು ಬ್ಯಾಟರಿಯ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು ಮತ್ತು ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಇನ್ನೊಂದು ಮಾತು. ಕೆಲವು ರೇಡಿಯೋಗಳನ್ನು ವಿದ್ಯುತ್ತಿಗೆ ಸಿಕ್ಕಿಸಿದರೆ ಅವುಗಳೊಳಗಿನ ಪ್ಯಾಕೂ ಚಾರ್ಜ್ ಆಗುತ್ತದೆ. ಮತ್ತೆ ಕೆಲವು ವಿದ್ಯುತ್ತಿನಲ್ಲಿ ಹಾಡುತ್ತವೆಯೇ ಹೊರತು ಪ್ಯಾಕನ್ನು ತುಂಬಿಸುವುದಿಲ್ಲ. ನಮ್ಮದು ಯಾವ ಬಗೆಯದೆಂದು ಕೈಪಿಡಿಯಲ್ಲಿ ನೋಡಿ ತಿಳಿಯಬೇಕು. ಮೊದಲನೆಯ ಬಗೆಯದಾದರೆ, ಹಾಡು ಕೇಳಲೆಂದು ಸಿಕ್ಕಿಸಿದಾಗಲೂ ಅದು ಚಾರ್ಜ್ ಆಗುತ್ತಿದೆ ಎಂಬುದು ಮನಸ್ಸಿನಲ್ಲಿರಲಿ.

ಚಾರ್ಜ್ ಮಾಡುವ ಜಾಗ

ಬಹುಪಾಲು ಅನಾಹುತ ತಪ್ಪುವುದು ಜಾಗದ ಆಯ್ಕೆಯಿಂದಲೇ. ಕೊಟ್ಟಿಗೆ, ಮೇವಿನ ಕೋಣೆ, ರಸಗೊಬ್ಬರ ಮತ್ತು ಕೀಟನಾಶಕದ ದಾಸ್ತಾನು, ಡೀಸೆಲ್ ಕ್ಯಾನಿನ ಪಕ್ಕ, ಇವು ಯಾವುವೂ ಚಾರ್ಜ್ ಮಾಡುವ ಜಾಗವಲ್ಲ. ಹಾಸಿಗೆ, ಗೋಣಿ, ತೆಂಗಿನ ಗರಿಯ ಮೇಲೂ ಇಡಬಾರದು. ಕಲ್ಲುಚಪ್ಪಡಿ ಅಥವಾ ಸಿಮೆಂಟ್ ಕಟ್ಟೆಯ ಮೇಲೆ, ಸುತ್ತ ಒಂದು ಮಾರು ಏನೂ ಇಲ್ಲದಂತೆ, ಗಾಳಿಯಾಡುವ ನೆರಳಿನಲ್ಲಿಡಿ. ಮಲಗುವ ಕೋಣೆಯ ಬಾಗಿಲಿಗೆ ಅಡ್ಡವಾಗಿ ಇಡಬಾರದು. ಹೊತ್ತಿಕೊಂಡರೆ ಹೊರಬರುವ ದಾರಿಯೇ ಮುಚ್ಚುತ್ತದೆ.

ರಾತ್ರಿ ಸರದಿಯ ವಿದ್ಯುತ್ ನಂಬಿ ಸ್ವಿಚ್ ಹಾಕಿಟ್ಟು ಹೋಗುವುದು ಬೇಡ. ಊರಿನ ಮನೆಯಲ್ಲಿ ಹಗಲು ಹೊತ್ತು, ಯಾರಾದರೂ ಎಚ್ಚರವಿರುವಾಗ ಚಾರ್ಜ್ ಮಾಡಿ ಹೊಲಕ್ಕೆ ಒಯ್ಯುವುದು ಸರಿಯಾದ ಕ್ರಮ. ಹೊಲದ ಲೈನಿನಲ್ಲಿ ವೋಲ್ಟೇಜಿನ ಏರುಪೇರು ಎಲ್ಲರಿಗೂ ಗೊತ್ತಿರುವುದೇ. ಎಲ್ಲಿಯಾದರೂ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಬರಬಹುದು. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಿಂದ ಎರಡು ತಂತಿ ಎಳೆದು ಚಾರ್ಜರಿಗೆ ಕೊಡುವವರನ್ನು ಕಂಡಿದ್ದೇನೆ. ಎರಡೂ ಫೇಸ್ ತಂತಿಗಳಾದರೆ ಚಾರ್ಜರಿಗೆ ಬೀಳುವುದು 415 ವೋಲ್ಟ್. ಅಂಥ ತಂತಿಯನ್ನು ಒದ್ದೆ ಬದುವಿನ ಮೇಲೆ ಹಾಯಿಸಿ, ಜೋಡಿಸಿದ ಕಡೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಡುವುದಂತೂ ಬ್ಯಾಟರಿಯ ಬೆಂಕಿಗಿಂತ ಮೊದಲೇ ಪ್ರಾಣ ತೆಗೆಯುವ ಕೆಲಸ. ತೋಟದ ಮನೆಯಲ್ಲಿ ಪ್ಲಗ್ಗು ಬೇಕೇ ಬೇಕೆಂದಾದರೆ ಅರ್ಹ ಎಲೆಕ್ಟ್ರಿಷಿಯನ್‌ರಿಂದ ಅರ್ತಿಂಗ್ ಮಾಡಿಸಿ, 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿರಿ. ವಿದ್ಯುತ್ ಸೋರಿದ ಕೂಡಲೇ ಅದು ಲೈನನ್ನು ಕಡಿಯುತ್ತದೆ.

ಪ್ಯಾಕು ಮುಟ್ಟಿದರೆ ಬಿಸಿಯಾಗಿದ್ದಾಗ ಚಾರ್ಜಿಗೆ ಇಡಬೇಡಿ, ತಣಿಯಲಿ. ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಚಾರ್ಜ್ ಮಾಡಬಾರದೆಂದು ಅನೇಕ ತಯಾರಕರು ಹೇಳುತ್ತಾರೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲಿಯೇ ಆ ಮಿತಿ ಮೀರುವುದುಂಟು. ಅಲ್ಲಿ ಬೆಳಗಿನ ಹೊತ್ತೇ ತಕ್ಕದ್ದು. ಟ್ರ್ಯಾಕ್ಟರಿನ ಉಪಕರಣದ ಪೆಟ್ಟಿಗೆಯಲ್ಲಾಗಲಿ, ಬಿಸಿಲಿನಲ್ಲಿ ನಿಂತ ಕಾರಿನಲ್ಲಾಗಲಿ ಪ್ಯಾಕನ್ನು ಬಿಡಬಾರದು. ಉಪಕರಣದ ಚೀಲದಲ್ಲಿ ಮೊಳೆ, ಬೈಂಡಿಂಗ್ ತಂತಿಯ ತುಂಡುಗಳ ನಡುವೆ ಎಸೆದರೆ ಅವು ಎರಡೂ ತುದಿಗಳನ್ನು ಮುಟ್ಟಿ ಶಾರ್ಟ್ ಆಗಬಹುದು. ಪ್ಯಾಕಿನ ಮುಚ್ಚಳ ಕಳೆಯದಂತೆ ನೋಡಿಕೊಳ್ಳಿ.

ಉಬ್ಬಿದ, ಬಿರುಕು ಬಿಟ್ಟ, ಎತ್ತರದಿಂದ ಬಿದ್ದು ಏಟು ತಿಂದ, ನೀರಿನಲ್ಲಿ ಮುಳುಗಿದ, ವಿಚಿತ್ರ ಸಿಹಿವಾಸನೆ ಬರುವ ಪ್ಯಾಕನ್ನು ಮತ್ತೆ ಚಾರ್ಜ್ ಮಾಡಲೇಬಾರದು. 'ಇನ್ನೊಂದು ಸಲ ನೋಡೋಣ' ಎಂಬ ಆ ಒಂದು ಸಲದಲ್ಲೇ ಅನಾಹುತವಾಗುವುದು. ಅದನ್ನು ಒಲೆಗೆ, ತಿಪ್ಪೆಗೆ, ಬಾವಿಗೆ ಎಸೆಯುವುದೂ ತಪ್ಪು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ ವಿಚಾರಿಸಿ. ಒಯ್ಯುವ ತನಕ ತುದಿಗಳಿಗೆ ಟೇಪು ಅಂಟಿಸಿ, ಮನೆಯಿಂದ ದೂರ ಬಯಲಿನ ನೆರಳಿನಲ್ಲಿ ಮಣ್ಣಿನ ಮಡಕೆಯಲ್ಲಿಡಬಹುದು.

ಹೊತ್ತಿಕೊಂಡೇಬಿಟ್ಟರೆ ಮೊದಲು ಜನರನ್ನೂ ದನಕರುಗಳನ್ನೂ ಆಚೆ ಕಳಿಸಿ, ಮೈನ್ ಸ್ವಿಚ್ ಆರಿಸಿ, 112ಕ್ಕೆ ಕರೆಮಾಡಿ. ಹೊಗೆ ವಿಷ, ಬಗ್ಗಿ ನೋಡಬೇಡಿ. ವಿದ್ಯುತ್ ಕಡಿದದ್ದು ಖಚಿತವಾದ ಮೇಲೆ ದೂರದಿಂದ ಹೇರಳವಾಗಿ ನೀರು ಸುರಿಯಬಹುದು. ಸೆಲ್ಲು ತಣಿದರೆ ಮಾತ್ರ ಬೆಂಕಿ ನಿಲ್ಲುತ್ತದೆ. ಮರಳು ಹಾಕಿದರೆ ಮೇಲಿನ ಜ್ವಾಲೆ ಅಡಗೀತು, ಒಳಗಿನ ಕಾವು ಇಳಿಯದು. ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವ ಸಂಭವವುಂಟು.

ಕೆಲಸದ ನಡುವೆ

ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರಗಳ ಬಳಿ ರೇಡಿಯೋ ಬೇಡವೇ ಬೇಡ. ಯಂತ್ರದ ಸದ್ದನ್ನು ಮೀರಿಸಲು ರೇಡಿಯೋ ಏರಿಸುತ್ತೇವೆ, ಆಗ 'ನಿಲ್ಲಿಸು, ಕೈ ಸಿಕ್ಕಿತು' ಎಂಬ ಕೂಗು ಯಾರ ಕಿವಿಗೂ ಬೀಳುವುದಿಲ್ಲ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಮೀರಿದ ಸದ್ದು ಕೇಳಿದರೆ ಕಿವಿಯೂ ಮಂದವಾಗುತ್ತದೆ. ಪಕ್ಕದವರೊಡನೆ ದನಿ ಏರಿಸದೆ ಮಾತಾಡಲು ಆಗುವಷ್ಟು ಸದ್ದು ಸಾಕು.

ಈ ರೇಡಿಯೋಗಳು ತುಂತುರು ಮಳೆ ತಡೆಯುತ್ತವೆ ಎನ್ನುತ್ತಾರೆ. ಅದು ಮುಚ್ಚಳಗಳೆಲ್ಲ ಬಿಗಿಯಾಗಿ ಮುಚ್ಚಿ, ಬ್ಯಾಟರಿಯಲ್ಲಿ ನಡೆಸುವಾಗಿನ ಮಾತು. ತಂತಿ ಸಿಕ್ಕಿಸಿದಾಗ ಹನಿ ನೀರೂ ತಾಗಬಾರದು. ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ ಮಾತ್ರ ಹಳೆಯ ಮೀಡಿಯಂ ವೇವ್ ಒಂದು ಉಪಕಾರ ಮಾಡುತ್ತದೆ. ದೂರದಲ್ಲಿ ಮಿಂಚಿದರೂ ಅದರಲ್ಲಿ 'ಚರ್‌ಚರ್' ಎಂದು ಕೇಳಿಸುತ್ತದೆ. ಆ ಸದ್ದು ಹೆಚ್ಚುತ್ತಾ ಬಂದರೆ ಆಂಟೆನಾ ಮಡಚಿ, ಬಯಲು ಬಿಟ್ಟು ಗಟ್ಟಿ ಕಟ್ಟಡ ಸೇರಿ. ಒಂಟಿ ಮರದಡಿಗೆ ಹೋಗಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು.

ಕಾವಲಿನ ವಿಷಯಕ್ಕೆ ಬಂದರೆ, ಹಂದಿಗೆ ರೇಡಿಯೋ ಸದ್ದು ಕೆಲವೇ ದಿನಗಳಲ್ಲಿ ರೂಢಿಯಾಗಿಬಿಡುತ್ತದೆ. ದಿನಕ್ಕೊಂದು ಜಾಗ ಬದಲಿಸುತ್ತಾ, ಬಿಟ್ಟು ಬಿಟ್ಟು ಹಚ್ಚಿದರೆ ಸ್ವಲ್ಪ ಹೆಚ್ಚು ಕಾಲ ಅಂಜೀತು. ಇದಕ್ಕಾಗಿಯೂ ತಂತಿ ಬೇಡ, ಚಾರ್ಜ್ ಆದ ಪ್ಯಾಕೇ ಸಾಕು.

ಗಡಿಯಾರದ ಸಮಯ ಉಳಿಸಲೆಂದು ಕೆಲವು ರೇಡಿಯೋಗಳೊಳಗೆ ನಾಣ್ಯದಾಕಾರದ ಪುಟ್ಟ ಸೆಲ್ಲಿರುತ್ತದೆ. ಮಗು ಇದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ವಾಂತಿ ಮಾಡಿಸದೆ, ತಾನಾಗಿ ಹೊರಬೀಳಲೆಂದು ಕಾಯದೆ, ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಸುಗ್ಗಿ ಮುಗಿದ ಮೇಲೆ

ಕೆಲಸವಿಲ್ಲದ ತಿಂಗಳುಗಳಲ್ಲಿ ಪ್ಯಾಕನ್ನು ರೇಡಿಯೋದಿಂದ ಬಿಡಿಸಿ, ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಪೂರ್ತಿ ತುಂಬಿಸಿಟ್ಟರೂ, ಪೂರ್ತಿ ಬರಿದು ಮಾಡಿಟ್ಟರೂ ಲಿಥಿಯಂ ಬೇಗ ಸೊರಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ದೀಪ ನೋಡಿ, ಇಳಿದಿದ್ದರೆ ಸ್ವಲ್ಪ ತುಂಬಿಸಿ. ಸಿಂಪಡಣೆ ಪಂಪಿನ ಸೀಸ-ಆಮ್ಲ ಬ್ಯಾಟರಿಯದು ಇದಕ್ಕೆ ವಿರುದ್ಧ. ಅದನ್ನು ಪೂರ್ತಿ ತುಂಬಿಸಿಯೇ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿಕೊಂಡು ಮುಂದಿನ ಹಂಗಾಮಿಗೆ ಏಳುವುದಿಲ್ಲ. ಎರಡೂ ಒಂದೇ ಕಪಾಟಿನಲ್ಲಿದ್ದರೆ, ಚಾರ್ಜರುಗಳು ಅದಲುಬದಲಾಗದಂತೆ ಮೇಲೆ ಹೇಳಿದ ಬಣ್ಣದ ಪಟ್ಟಿಯನ್ನು ಇಡುವ ಮೊದಲೇ ಸುತ್ತಿಬಿಡಿ.