ಬಿದ್ರಿಯ ಬೆಲೆ ಮಣ್ಣಿನಲ್ಲಿದೆಯೇ?

ಬೀದರದ ಚೌಬಾರಾದ ಸುತ್ತಲಿರುವ ಬಿದ್ರಿ ಅಂಗಡಿಗಳಲ್ಲಿ ಹೊಸದಾಗಿ ಬಂದ ಹೂದಾನಿಯೊಂದನ್ನು ಕೈಗೆತ್ತಿಕೊಂಡ ಗ್ರಾಹಕನು, ಅವನು ವರ್ಷಗಳಿಂದ ಬಿದ್ರಿ ಕೂಡಿಟ್ಟ ಸಂಗ್ರಾಹಕನಾಗಿರಲಿ, ಮದುವೆಯ ಆಯಾರಕ್ಕೋ ಸನ್ಮಾನಕ್ಕೋ ಒಂದು ವಸ್ತು ಬೇಕೆಂದು ಭಾಲ್ಕಿಯಿಂದಲೋ ಔರಾದಿನಿಂದಲೋ ಬಂದವನಾಗಿರಲಿ, ಮೊಟ್ಟಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇದಕ್ಕ ಖರೇನೇ ಕಿಲ್ಲೇದ ಮಣ್ಣು ಹಚ್ಚೀರೇನ್ರಿ?” ಹೌದೆಂಬ ಉತ್ತರ ದೊರೆತೊಡನೆ ಪರೀಕ್ಷೆ ಮುಗಿಯಿತೆಂದು ಅವನು ಭಾವಿಸುತ್ತಾನೆ, ಕೆತ್ತನೆಯನ್ನು ನೋಡುವುದಿಲ್ಲ, ಬೆಳ್ಳಿಯ ಅಂಚನ್ನು ಮುಟ್ಟುವುದಿಲ್ಲ, ಹೂವಿನ ದಳ ಬಳ್ಳಿಗೆ ಕೂಡಿದೆಯೋ ಇಲ್ಲವೋ ಎಂದು ಪರಿಶೀಲಿಸುವುದಿಲ್ಲ. ಚೌಕಾಸಿ ಮಾತ್ರ ಉಳಿಯುತ್ತದೆ.

ಈ ಒಂದು ನಂಬಿಕೆಯಿಂದ ಬಿದ್ರಿಗೆ ಆಗಿರುವಷ್ಟು ಹಾನಿ ಬೇರೆ ಯಾವುದರಿಂದಲೂ ಆಗಿಲ್ಲವೆಂದು ನನಗೆ ದೃಢವಾಗಿ ತೋರುತ್ತದೆ. ಕೋಟೆಯ ಮಣ್ಣಿನಲ್ಲಿ ಅಲೌಕಿಕವಾದ ಶಕ್ತಿಯೊಂದುಂಟು, ಅದು ಸೋಕಿದ ಲೋಹವೆಲ್ಲ ಕಪ್ಪಾಗುತ್ತದೆ, ಹಾಗೆ ಕಪ್ಪಾದುದೆಲ್ಲ ಅಸಲಿ ಬಿದ್ರಿ, ಎಷ್ಟು ಕಪ್ಪೋ ಅಷ್ಟು ಬೆಲೆ ಎಂಬ ನಾಲ್ಕು ಮಾತುಗಳು ಒಂದರ ಬಾಲವನ್ನೊಂದು ಹಿಡಿದು ಬಾಯಿಂದ ಬಾಯಿಗೆ ಸಾಗುತ್ತಿವೆ. ನಾಲ್ಕರಲ್ಲಿ ಒಂದಾದರೂ ವಿಚಾರದ ಮುಂದೆ ನಿಲ್ಲುವುದಿಲ್ಲ.

ಎರಕ, ಅರ, ಉಳಿಗಳ ವಿವರ ಈ ಜಿಲ್ಲೆಯ ಓದುಗರಿಗೆ ಹೊಸದಲ್ಲ. ಕಪ್ಪಿನ ಸಂಗತಿಯಷ್ಟನ್ನೇ ನೋಡೋಣ. ಎರಕ ಹೊಯ್ದು ಅರದಿಂದ ಉಜ್ಜಿದ ಪಾತ್ರೆ ಮೊದಲು ಬೂದು ಬಿಳುಪಿನದಾಗಿರುತ್ತದೆ. ಅದರ ಮೇಲೆ ಕುಶಲಕರ್ಮಿಯು ಮೈಲುತುತ್ತದ ನೀರನ್ನು ಸವರುತ್ತಾನೆ. ಒಡನೆಯೇ ಮೈಯೆಲ್ಲ ಕಪ್ಪಡರುತ್ತದೆ, ಆ ಕಪ್ಪಿನ ಮೇಲೆ ಅವನು ಚೂಪಾದ ಕಡ್ಡಿಯಿಂದ ಚಿತ್ರವನ್ನು ಗೀರಿಕೊಳ್ಳುತ್ತಾನೆ. ಇಲ್ಲಿ ಕೋಟೆಯ ಮಣ್ಣು ಇನ್ನೂ ಬಂದೇ ಇಲ್ಲ! ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸತುವಿನ ತುಂಡನ್ನು ಮೈಲುತುತ್ತದ ದ್ರಾವಣದಲ್ಲಿ ಅದ್ದಿ ನೋಡಿದ ಪ್ರತಿಯೊಬ್ಬನೂ ಈ ಕಪ್ಪನ್ನು ಕಂಡೇ ಇದ್ದಾನೆ. ಇದು ತಾತ್ಕಾಲಿಕವಾದುದು, ಕೆತ್ತನೆ ಮುಗಿದು, ಬೆಳ್ಳಿ ಕೂಡಿಸಿ, ಮತ್ತೆ ಉಜ್ಜಿದಾಗ ಹೋಗಿಬಿಡುತ್ತದೆ. ಆಮೇಲೆ ಪಾತ್ರೆಯನ್ನು ಹದವಾಗಿ ಕಾಯಿಸಿ, ನವಸಾಗರವನ್ನೂ ಕೋಟೆಯ ಮಣ್ಣನ್ನೂ ನೀರಿನಲ್ಲಿ ಕಲಸಿದ ಲೇಪದಿಂದ ತಿಕ್ಕಿ ತೊಳೆದಾಗ ಸ್ಥಾಯಿಯಾದ ಕಪ್ಪು ಮೂಡುತ್ತದೆ. ಎಣ್ಣೆ ಸವರಿದೊಡನೆ ಅದು ಗಾಢವಾಗುತ್ತದೆ.

ಈ ಕೊನೆಯ ಘಟ್ಟವನ್ನು ಹತ್ತಿರದಿಂದ ಗಮನಿಸಿದವನಿಗೆ ಬೇರೊಂದು ವಾದವೇ ಬೇಕಾಗಿಲ್ಲ. ಒಂದೇ ಪಾತ್ರೆ, ಒಂದೇ ಲೇಪ, ಒಂದೇ ಕ್ಷಣ. ಸುತ್ತಲಿನ ಲೋಹ ಇದ್ದಿಲಿನಂತೆ ಕಪ್ಪಾದರೆ ಅದರ ನಡುವೆ ಕೂಡಿಸಿದ ಬೆಳ್ಳಿಯ ಎಳೆ ತೊಳೆದೊಡನೆ ಮೊದಲಿಗಿಂತ ಬೆಳಗಿ ನಿಲ್ಲುತ್ತದೆ. ಸೋಕಿದ ಲೋಹವನ್ನೆಲ್ಲ ಕಪ್ಪಾಗಿಸುವ ಶಕ್ತಿ ಮಣ್ಣಿಗಿದ್ದ ಪಕ್ಷದಲ್ಲಿ ಬೆಳ್ಳಿಯೂ ಕಪ್ಪಾಗಬೇಕಾಗಿತ್ತಲ್ಲವೆ? ಆಗದಿರುವುದಕ್ಕೆ ಕಾರಣ ಕೆಳಗಿರುವ ಮಿಶ್ರಲೋಹದಲ್ಲಿದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಹಳೆಯ ಬಿದ್ರಿ ವಸ್ತುಗಳನ್ನು ಪರೀಕ್ಷಿಸಿ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಎಂಬ ಇಬ್ಬರು ತಜ್ಞರು 1987ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವುಗಳಲ್ಲಿ ಬಹುಪಾಲು ಸತುವೇ ಇದ್ದು, ಶೇಕಡ 2ರಿಂದ 10ರವರೆಗೆ ತಾಮ್ರ ಕೂಡಿರುತ್ತದೆ. ಸೀಸ, ತವರಗಳ ಅಲ್ಪಾಂಶವೂ ಉಂಟು. ತಾಮ್ರದ ಆ ಪುಟ್ಟ ಪಾಲು ಇಲ್ಲದೆ ಬಿದ್ರಿಯ ಕಪ್ಪು ಮೂಡದು. ಅಂದಮೇಲೆ ಕಪ್ಪು ಹುಟ್ಟುವುದು ಸತು, ತಾಮ್ರ, ನವಸಾಗರ, ಲವಣಯುಕ್ತವಾದ ಮಣ್ಣು, ಹದವಾದ ಶಾಖ ಇವೆಲ್ಲದರ ಸಮಾಗಮದಿಂದ. ಇವುಗಳಲ್ಲಿ ಮಣ್ಣೊಂದನ್ನೇ ಪೀಠದ ಮೇಲೆ ಕೂರಿಸಿ ಉಳಿದವುಗಳನ್ನು ಮರೆಯುವುದು ನ್ಯಾಯವಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. ಬಿದ್ರಿಯ ಹೆಸರು ಬೀದರದಿಂದ ಬಂದಿದ್ದರೂ ಈ ಕಸಬು 18, 19ನೇ ಶತಮಾನಗಳಲ್ಲಿ ಲಖನೌ, ಬಿಹಾರದ ಪೂರ್ಣಿಯಾ, ಬಂಗಾಳದ ಮುರ್ಶಿದಾಬಾದ್‌ಗಳಲ್ಲಿಯೂ ನಡೆಯಿತು. ಅಲ್ಲಿಯ ಹುಕ್ಕಾ ಬುಡಗಳೂ ತಟ್ಟೆಗಳೂ ಇಂದಿಗೂ ದೊಡ್ಡ ಸಂಗ್ರಹಾಲಯಗಳಲ್ಲಿ ಕಪ್ಪಾಗಿಯೇ ಕುಳಿತಿವೆ. ಲಖನೌದ ಕುಶಲಕರ್ಮಿಯು ಬೀದರ ಕೋಟೆಯ ಮಣ್ಣಿನ ಮೂಟೆಯನ್ನು ಎತ್ತಿನ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದನೆಂದು ಯಾರಾದರೂ ನಂಬುವರೇ?

ಹಾಗಾದರೆ ಮಣ್ಣಿಗೆ ಗುಣವೇ ಇಲ್ಲವೇ ಎಂದರೆ, ಇದೆ. ಆದರೆ ಆ ಗುಣ ತಿಳಿಯತಕ್ಕದ್ದು, ಪೂಜಿಸತಕ್ಕದ್ದಲ್ಲ. ಶತಮಾನಗಳ ಕಾಲ ಮಳೆಬಿಸಿಲು ತಾಗದೆ ಮುಚ್ಚಿದ ಜಾಗಗಳಲ್ಲಿ ಉಳಿದ ಹಳೆಯ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ಲವಣಗಳು ಕೂಡಿಕೊಂಡಿರುತ್ತವೆ. ಈ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಳೆಗೆ ತೆರೆದ ನೆಲದಲ್ಲಿ ಅವು ಕೊಚ್ಚಿಹೋಗುತ್ತವೆ. ನುರಿತ ಕುಶಲಕರ್ಮಿಗಳು ಮಣ್ಣನ್ನು ಚಿಟಿಕೆಯಷ್ಟು ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುವುದು ಇದೇ ಕಾರಣದಿಂದ. ಅವರು ಅಲ್ಲಿ ಹುಡುಕುವುದು ಲವಣವನ್ನು, ಸುಲ್ತಾನರ ಆಶೀರ್ವಾದವನ್ನಲ್ಲ. ಔರಾದಿನ ಹೊಲಗಳ ಎರೆಮಣ್ಣು ಕಣ್ಣಿಗೆ ಎಷ್ಟೇ ಕಪ್ಪಾಗಿದ್ದರೂ ಪಾತ್ರೆಯನ್ನು ಕಪ್ಪಾಗಿಸಲಾರದು, ಏಕೆಂದರೆ ಮಣ್ಣಿನ ಬಣ್ಣಕ್ಕೂ ಲೋಹದ ಬಣ್ಣಕ್ಕೂ ಸಂಬಂಧವಿಲ್ಲ. ಭಾಲ್ಕಿಯಲ್ಲಿಯೂ ಒಂದು ಕೋಟೆಯಿದೆ. ಕೋಟೆಯೆಂಬ ಹೆಸರಿಗೇ ಮಹಿಮೆಯಿದ್ದರೆ ಅಲ್ಲಿಯ ಬಯಲಿನ ಮಣ್ಣೂ ಸಾಕಾಗಬೇಕಿತ್ತು.

ಆಶ್ಚರ್ಯಪಡುವ ಮನಸ್ಸುಳ್ಳವರು ಮಣ್ಣನ್ನು ಬಿಟ್ಟು ಸತುವಿನ ಮುಂದೆ ನಿಂತು ಆಶ್ಚರ್ಯಪಡಲಿ. ಸತು 420 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಕರಗಿ, 907 ಡಿಗ್ರಿಗೆ ಆವಿಯಾಗುತ್ತದೆ. ಅದಿರಿನಿಂದ ಬೇರ್ಪಡಿಸಲು ಬೇಕಾದ ಶಾಖ ಅದಕ್ಕಿಂತ ಹೆಚ್ಚಾದುದರಿಂದ ಕುಲುಮೆಯಲ್ಲಿ ಅದು ಕೈಗೆ ಸಿಗದೆ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿದು ತಂಪಾಗಿಸಿ ಲೋಹವಾಗಿ ಪಡೆಯುವ ವಿದ್ಯೆಯನ್ನು ರಾಜಸ್ಥಾನದ ಜಾವರ್ ಗಣಿಗಳ ಜನರು ಯುರೋಪಿನವರಿಗಿಂತ ಶತಮಾನಗಳ ಮೊದಲೇ ಸಾಧಿಸಿದ್ದರು. ಬಿದ್ರಿಯಂಥ ಕಲೆ ಭಾರತದಲ್ಲಿ ಬೆಳೆದುದಕ್ಕೂ ಈ ದೇಶದ ಲೋಹವಿದ್ಯೆಗೂ ಇರುವ ಸಂಬಂಧ ಎಷ್ಟು ಗಹನವಾದುದೆಂದು ಯೋಚಿಸಿದರೆ ಮಣ್ಣಿನ ಕಥೆ ತೀರ ಸಣ್ಣದಾಗಿ ಕಾಣುತ್ತದೆ.

ಮಣ್ಣಿನ ಮೋಹದಿಂದ ನಿಜವಾದ ನಷ್ಟವಾಗುವುದು ಕೆತ್ತುವ ಕೈಗೆ. ಕಪ್ಪು ಒಳ್ಳೆಯ ಪಾತ್ರೆಗೂ ಕೆಟ್ಟ ಪಾತ್ರೆಗೂ ಒಂದೇ ರೀತಿಯಲ್ಲಿ ಬರುತ್ತದೆ. ಅದರಿಂದ ಗುಣವನ್ನು ಅಳೆಯಲಾಗದು. ಗುಣವಿರುವುದು ಕೂಡಿಕೆಯಲ್ಲಿ. ತಂತಿಯನ್ನು ಗೆರೆಯಲ್ಲಿ ಬಡಿದು ಕೂರಿಸುವ ತಾರಕಶಿ, ತೆಳುವಾದ ಬೆಳ್ಳಿಯ ತಗಡನ್ನು ಹೂವಿನ ಆಕಾರಕ್ಕೆ ಕತ್ತರಿಸಿ ಕೂರಿಸುವ ತೈನಿಶಾನ್, ಮೇಲ್ಮೈಯಿಂದ ಉಬ್ಬಿ ನಿಲ್ಲುವ ಜರ್‌ಬುಲಂದ್, ಇವುಗಳಲ್ಲಿ ಒಂದೊಂದಕ್ಕೂ ಹಿಡಿಯುವ ಕಾಲ ಬೇರೆ, ಬೇಕಾಗುವ ಬೆಳ್ಳಿ ಬೇರೆ, ಬೆಲೆಯೂ ಬೇರೆಯಾಗಿರತಕ್ಕದ್ದು. ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿರಿ: ಬಳ್ಳಿ ತಿರುಗುವ ಕಡೆ ತಂತಿ ಒಂದೇ ಎಳೆಯಾಗಿ ಬಾಗಿದೆಯೋ, ತುಂಡುಗಳನ್ನು ಸಾಲಾಗಿಟ್ಟು ಬಾಗನ್ನು ತೋರಿಸಲಾಗಿದೆಯೋ? ಎಲೆಯ ತುದಿ ಚೂಪಾಗಿದೆಯೋ, ಮೊಂಡಾಗಿದೆಯೋ? ಬೆರಳ ತುದಿಯನ್ನು ಮೆಲ್ಲಗೆ ಸವರಿದರೆ ಬೆಳ್ಳಿಯ ಅಂಚು ತಡೆಯುತ್ತದೆಯೋ, ಲೋಹದೊಡನೆ ಒಂದಾಗಿ ಜಾರುತ್ತದೆಯೋ? ಉಳಿಯಿಂದ ತೆಗೆದ ಗೆರೆ ಆಳವಾಗಿಯೂ ಒಳಗೆ ತುಸು ಅಗಲವಾಗಿಯೂ ಇದ್ದರೆ ಬಡಿದ ಬೆಳ್ಳಿ ಅಲ್ಲಿಯೇ ಕಚ್ಚಿಕೊಂಡು ತಲೆಮಾರುಗಳ ಕಾಲ ಕೂರುತ್ತದೆ. ಗೆರೆ ಮೇಲುಮೇಲಿನದಾದರೆ ಕೆಲವೇ ವರ್ಷಗಳಲ್ಲಿ ಎದ್ದುಬರುತ್ತದೆ. ಬೆಳ್ಳಿಯ ಧಾರಣೆ ಏರಿದಂತೆಲ್ಲ ತಂತಿಯನ್ನು ತೆಳುವಾಗಿಸುವ ಪ್ರಲೋಭನೆ ಹೆಚ್ಚುತ್ತದೆ. ಹೊಸ ವಸ್ತುಗಳನ್ನು ಕೊಳ್ಳುವವರು ಈ ದಿನಗಳಲ್ಲಿ ಮೊದಲು ಪರೀಕ್ಷಿಸಬೇಕಾದುದು ಇದನ್ನೇ.

ಉಳಿದ ಭ್ರಮೆಗಳಿಗೆ ಒಂದೊಂದು ಮಾತು ಸಾಕು. ಭಾರವಾದಷ್ಟೂ ಬೆಳ್ಳಿ ಹೆಚ್ಚೆಂಬುದು ಸುಳ್ಳು. ಪಾತ್ರೆಯ ತೂಕ ಬಹುತೇಕ ಸತುವಿನದು, ದಪ್ಪವಾಗಿ ಎರಕ ಹೊಯ್ದರೆ ಯಾವ ಪಾತ್ರೆಯೂ ಭಾರವಾಗುತ್ತದೆ. ಬಿದ್ರಿ ಕಬ್ಬಿಣದ್ದೆಂಬುದೂ ಸುಳ್ಳು. ಅಯಸ್ಕಾಂತ ಹಿಡಿದರೆ ಅದು ಅಂಟುವುದೇ ಇಲ್ಲ. ಬಿದ್ರಿಯ ಕಪ್ಪು ಎಂದೂ ಮಾಸದೆಂದು ನಂಬಿ ಹುಣಸೆಹಣ್ಣಿನಿಂದಲೋ ನಿಂಬೆರಸದಿಂದಲೋ ತಿಕ್ಕುವವರಿದ್ದಾರೆ. ಆಮ್ಲ ಸತುವನ್ನು ತಿಂದು ಕಪ್ಪನ್ನು ಕಿತ್ತುಬಿಡುತ್ತದೆ, ಆದುದರಿಂದ ಒಣಬಟ್ಟೆ ಮತ್ತು ಒಂದು ತೊಟ್ಟು ಕೊಬ್ಬರಿ ಎಣ್ಣೆಯ ಹೊರತು ಬೇರೇನೂ ಬೇಡ. ಕಪ್ಪಾಗಿದ್ದರೆ ಅಸಲಿಯೆಂಬುವವರು ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಪಾತ್ರೆಯ ಬುಡವನ್ನು ಒರೆಸಿ ನೋಡಲಿ. ಕಪ್ಪು ಬರಿಯ ಪೇಂಟ್ ಆಗಿದ್ದರೆ ಹತ್ತಿಗೆ ಬಂದುಬಿಡುತ್ತದೆ. 2006ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ ಬಿದ್ರಿಯ ಹೆಸರನ್ನು ಕಾಯುತ್ತದೆ, ಪ್ರತಿಯೊಂದು ಪಾತ್ರೆಯ ಕೆತ್ತನೆಗೆ ಅಂಕ ಕೊಡುವುದಿಲ್ಲ.

ಹಳೆಯ ಮಾದರಿಯ ಹೊಸ ಪ್ರತಿಗಳನ್ನು ಕೂಡಿಡುವ ಹವ್ಯಾಸಿಗಳಿಗೆ ಮಾತ್ರ ಇನ್ನೊಂದು ಮಾತನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. “ಬಹಮನಿ ಕಾಲದ ಹುಕ್ಕಾದ ಪಡಿಯಚ್ಚು” ಎಂದು ಹೇಳಿದೊಡನೆ ಹೆಚ್ಚಿನ ಬೆಲೆ ತೆರುವವರಿದ್ದಾರೆ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಅದು ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂದಿತು. ಮೊಗಲ್ ರಾಯಭಾರಿ ಅಸದ್ ಬೇಗನು 1604ರ ಸುಮಾರಿಗೆ ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಅದನ್ನು ಒಯ್ದಾಗ ಅಲ್ಲಿ ಅದೊಂದು ಹೊಸ ಕೌತುಕವಾಗಿತ್ತು. ಬಹಮನಿ ರಾಜ್ಯವಾದರೋ 16ನೇ ಶತಮಾನದ ಪೂರ್ವಾರ್ಧದಲ್ಲಿಯೇ ಅಳಿದಿತ್ತು. ಇನ್ನು ಆಕಾರದ ಮಾತು: ಗುಂಡಾದ ಬುಡವುಳ್ಳ ಹುಕ್ಕಾಗಳು ಹಳೆಯವು, ಬಳೆಯಂಥ ಆಸನದ ಮೇಲೆ ನಿಲ್ಲತಕ್ಕವು, ಗಂಟೆಯಾಕಾರದವು 18ನೇ ಶತಮಾನದಲ್ಲಿ ಬಳಕೆ ಹೆಚ್ಚಿಸಿಕೊಂಡವು. ಗಂಟೆಯಾಕಾರದ ಬುಡದ ಮೇಲೆ ಹೂಬಳ್ಳಿ ಬರೆದು ಅದನ್ನು ಬಹಮನಿ ಸುಲ್ತಾನ ಅಹ್ಮದ್ ಶಾಹನ ಕಾಲಕ್ಕೆ ಕೊಂಡೊಯ್ಯುವುದು ಇತಿಹಾಸಕ್ಕೆ ಮಾಡುವ ಅಪಚಾರ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯ ಇಲ್ಲಿಂದ ದೂರವೇನಲ್ಲ. ಪ್ರತಿಯ ನಿಷ್ಠೆಯನ್ನು ಅಳೆಯಬಯಸುವವರು ಅಲ್ಲಿಗೆ ಹೋಗಿ ಮೂಲಗಳ ಮುಂದೆ ಸಾವಕಾಶವಾಗಿ ನಿಂತು ಬರಬೇಕು.

ವಸ್ತುವನ್ನು ನೋಡುವ ಶ್ರಮಕ್ಕಿಂತ ವಸ್ತುವಿನ ಹಿಂದಿನ ಕಥೆಯನ್ನು ಕೇಳುವ ಸುಖ ನಮ್ಮ ಜನಕ್ಕೆ ಹೆಚ್ಚು ಪ್ರಿಯವಾಗಿದೆಯೆಂಬುದು ನನ್ನ ಬಹುಕಾಲದ ಸಂಕಟ. ಇದು ಬಿದ್ರಿಯೊಂದರ ಮಾತಲ್ಲ. ಬಾವಿಯ ನೀರಿಗೆ, ಮರದ ತೊಗಟೆಗೆ, ಹಳೆಯ ಕಲ್ಲಿಗೆ ಮಹಿಮೆಯನ್ನು ಹೊರಿಸಿ, ಕೈ ಹಚ್ಚಿ ದುಡಿದ ಮನುಷ್ಯನನ್ನು ಹಿಂದಕ್ಕೆ ಸರಿಸುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆಯೂ ಬೇರೂರಿದೆ. ಇದೇ ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳನ್ನು ನೋಡಿದವರು ಕಲ್ಲು ಏಕೆ ಕಪ್ಪೆಂದು ಕೇಳುವುದಿಲ್ಲ. ಕೂಡಿಸಿದ ಕೈ ಎಂಥದೆಂದು ಬೆರಗಾಗುತ್ತಾರೆ. ಅಂಗಡಿಯ ಬಿದ್ರಿಗೂ ಅದೇ ನ್ಯಾಯ ಸಲ್ಲಬೇಡವೆ? ಬೀದರದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ ರಾಷ್ಟ್ರ ಗೌರವಿಸಿದ್ದು ದಶಕಗಳ ಕೈಗೆಲಸವನ್ನು. ಆ ವಿವೇಕ ಗ್ರಾಹಕನಿಗೂ ಬರಬೇಕು, ಏಕೆಂದರೆ ಮಣ್ಣಿಗೆ ಬೆಲೆ ಕಟ್ಟುವ ಪೇಟೆಯಲ್ಲಿ ನಾಲ್ಕು ದಿನದ ಕೆಲಸಕ್ಕೂ ನಾಲ್ಕು ವಾರದ ಕೆಲಸಕ್ಕೂ ಒಂದೇ ದರ ನಿಲ್ಲುತ್ತದೆ, ಹಾಗೆ ನಿಂತಲ್ಲಿ ನಾಲ್ಕು ವಾರ ಕೂತು ಕೆಲಸ ಮಾಡುವ ಮಗ ಮುಂದಿನ ತಲೆಮಾರಿನಲ್ಲಿ ಸಿಗುವುದಿಲ್ಲ.

ಆದುದರಿಂದ ಬಿದ್ರಿ ಕೊಳ್ಳಲು ಹೋದಾಗ ಮಣ್ಣಿನ ಪ್ರಶ್ನೆಯನ್ನು ಬದಿಗಿಡಿರಿ. ಇದನ್ನು ಕೆತ್ತಿದವರು ಯಾರು, ತಾರಕಶಿಯೋ ತೈನಿಶಾನೋ, ಎಷ್ಟು ಬೆಳ್ಳಿ ಹಿಡಿಯಿತು, ಎಷ್ಟು ದಿನದ ಕೆಲಸ ಎಂದು ಕೇಳಿರಿ. ಉತ್ತರವನ್ನು ಕೆತ್ತನೆಯೊಡನೆ ಒರೆಗೆ ಹಚ್ಚಿ ನೋಡಿರಿ. ಎರಡೂ ಹೊಂದಿದರೆ ಆ ದಿನಗಳಿಗೆ ತಕ್ಕ ಹಣವನ್ನು ಕಡಿಮೆ ಮಾಡದೆ ಕೊಡಿರಿ.